ಕಲ್ಲುಹೂವಿನ ಕಷಾಯದಿಂದ ಕಿಡ್ನಿ ಕಲ್ಲು ಕರಗುತ್ತದೆಯೇ?

ಕಲ್ಲುಹೂವಿನ ಕಷಾಯ ದಿನಾ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ ಅಂತ ನಿಮ್ಮ ಅತ್ತೆ ಹೇಳುತ್ತಾರೆ, ಅದು ನಿಜವಾ ಅಂತ ಕೇಳಿದ್ದೀರಿ. ಆನ್‌ಲೈನಿನಲ್ಲಿ ಸಿಗುವ ಉಸ್ನಿಯಾ ಕ್ಯಾಪ್ಸೂಲ್ ಬಗ್ಗೆಯೂ ಕೇಳಿದ್ದೀರಿ. ನಮ್ಮದು ಗ್ರಂಥಿಗೆ ಅಂಗಡಿ, ಕಲ್ಲುಹೂವು ದಿನಾ ತೂಗಿ ಕೊಡುವ ಸಾಮಾನು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅತ್ತೆ ಸುಮ್ನೆ ಹೇಳಿದ್ದಲ್ಲ. ಆಯುರ್ವೇದದಲ್ಲಿ ಇದು ಶೈಲೇಯ. ಭಾವಪ್ರಕಾಶ ಎಂಬ ಹಳೆಯ ವೈದ್ಯಗ್ರಂಥದಲ್ಲಿ ಕರ್ಪೂರ, ಗಂಧದ ಸಾಲಿನಲ್ಲೇ ಇದೂ ಬರುತ್ತದೆ. ಗುಣ ತಂಪು; ತುರಿಕೆ, ಉರಿ, ಮೂತ್ರದ ಕಲ್ಲಿಗೆ ಒಳ್ಳೆಯದು ಅಂತ ಹೇಳಿದೆ. ಯುನಾನಿಯಲ್ಲೂ ಉಶ್ನಾ ಅಂತ ಬಳಕೆ ಇದೆ. ಆದರೆ ಕಲ್ಲು ಕರಗುತ್ತದೆ ಅಂತ ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ಮಾಡಿ ಯಾರೂ ತೋರಿಸಿಲ್ಲ.

ನನಗೆ ಜಾಸ್ತಿ ಚಿಂತೆ ಆ 'ದಿನಾ' ಅನ್ನುವುದರ ಬಗ್ಗೆ. ಅಂಗಡಿಗೆ ಬರುವ ಚೀಲ ಬಿಚ್ಚಿದರೆ ಮೇಲೆ ಬೂದು, ಕೆಳಗೆ ಕಪ್ಪು ಇರುವ ಸುರುಟಿದ ಚೂರುಗಳು, ಜೊತೆಗೆ ತೊಗಟೆ, ಮರಳು. ಒಂದೇ ಚೀಲದಲ್ಲಿ ಹಲವು ಜಾತಿ ಬೆರೆತಿರುತ್ತವೆ. ಇದು ಗಿಡವೂ ಅಲ್ಲ, ಹೂವೂ ಅಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವ. ನೀರು ಹೀರುವ ಬೇರಿಲ್ಲ, ಬೇಕಾದ್ದನ್ನೆಲ್ಲ ಗಾಳಿ, ಮಳೆಯಿಂದಲೇ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ಸೀಸ ಇದ್ದರೆ ಅದೂ ಒಳಗೆ ಸೇರುತ್ತದೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ನಾರ್ವೆ, ಸ್ವೀಡನ್‌ಗಳಲ್ಲಿ ಇದೇ ಬಗೆಯ ಕಲ್ಲುಹೂವು ಮೇಯ್ದ ಹಿಮಸಾರಂಗಗಳ ಮಾಂಸದಲ್ಲಿ ವಿಕಿರಣ ಸೂಸುವ ಸೀಸಿಯಂ ಸಿಕ್ಕಿತ್ತು. ಬಿಸಿಬೇಳೆಬಾತ್ ಪುಡಿಗೆ ಒಂದೆರಡು ಚೂರು ಹುರಿದು ಹಾಕುವುದೇ ಬೇರೆ, ದಿನಾ ಒಂದು ಹಿಡಿ ಕುದಿಸಿ ಕುಡಿಯುವುದೇ ಬೇರೆ ಅಲ್ವಾ? ಕಷಾಯ ಬೇಕೇ ಬೇಕು ಅಂದರೆ ಓದಿದ ಆಯುರ್ವೇದ ವೈದ್ಯರನ್ನು ಕೇಳಿ. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿಸಿ, ಕಲ್ಲು ಎಷ್ಟು ದೊಡ್ಡದು ಅಂತ ಗೊತ್ತಾಗಲಿ.

ಇನ್ನು ಉಸ್ನಿಯಾ. ಇದೂ ಕಲ್ಲುಹೂವಿನ ಜಾತಿಯದೇ, ಮರದ ಕೊಂಬೆಯಿಂದ ನರೆತ ಗಡ್ಡದ ಹಾಗೆ ಇಳಿಬಿದ್ದಿರುತ್ತದೆ. ಹಸಿ ಎಳೆಯನ್ನು ಮೆಲ್ಲಗೆ ಜಗ್ಗಿದರೆ ಹೊರಸಿಪ್ಪೆ ಬಿರಿದು ಒಳಗಿನ ಬಿಳಿ ನಾರು ಹಿಗ್ಗುತ್ತದೆ, ಗುರುತು ಅದೇ. ಇದರಲ್ಲಿರುವ ಉಸ್ನಿಕ್ ಆಮ್ಲ ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಚೆನ್ನಾಗಿಯೇ ತಡೆಯುತ್ತದೆ. ಹಿಂದಿನವರು ಗಾಯಕ್ಕೆ ಕಟ್ಟುತ್ತಿದ್ದುದರಲ್ಲಿ ಅರ್ಥವಿದೆ.

ಹೊಟ್ಟೆಗೆ ಮಾತ್ರ ಬೇಡ. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಲಿಪೋಕೈನೆಟಿಕ್ಸ್ ಎಂಬ ತೂಕ ಇಳಿಸುವ ಮಾತ್ರೆಯನ್ನು ನಿಲ್ಲಿಸಿ ಅಂತ ಜನರನ್ನು ಎಚ್ಚರಿಸಿತು. ಅದನ್ನು ತಗೊಂಡವರ ಲಿವರ್ ಕೆಟ್ಟಿತ್ತು. ಅದರಲ್ಲಿ ಉಸ್ನಿಕ್ ಆಮ್ಲದ ಜೊತೆ ಬೇರೆ ಅಂಶಗಳೂ ಇದ್ದವು ನಿಜ. ಆದರೆ ಬರೀ ಉಸ್ನಿಕ್ ಆಮ್ಲ ತಗೊಂಡವರಲ್ಲೂ ಲಿವರ್ ಬದಲಿಸಬೇಕಾದಷ್ಟು ಹಾನಿ ಆಗಿದ್ದು ಆಮೇಲೆ ವರದಿಯಾಯಿತು. ಜೀವಕೋಶ ಶಕ್ತಿ ಉಳಿಸಿಕೊಳ್ಳಲು ಇದು ಬಿಡುವುದಿಲ್ಲ, ಶಾಖವಾಗಿ ಹೋಗಿಬಿಡುತ್ತದೆ. ತೂಕ ಇಳಿಯುತ್ತದೆ ಅನ್ನುವ ಆಸೆಗೂ ಲಿವರ್ ಹಾಳಾಗುವುದಕ್ಕೂ ಇದೇ ಮುಖ್ಯ ಕಾರಣ ಅನ್ನುತ್ತಾರೆ.

ಕಲ್ಲುಹೂವಿನ ಜಾತಿಯಲ್ಲಿ ಔಷಧಿಯಾಗಿ ಬಾಯಿಗೆ ಹಾಕಿಕೊಳ್ಳಬಹುದು ಅಂತ ನಾನು ಧೈರ್ಯವಾಗಿ ಹೇಳುವುದು ಯುರೋಪಿನ ಐಸ್‌ಲ್ಯಾಂಡ್ ಮಾಸ್ ಒಂದನ್ನೇ. ಕುದಿಸಿದರೆ ಲೋಳೆ ಬಿಡುತ್ತದೆ, ಆ ಲೋಳೆ ಗಂಟಲಿಗೆ ಸವರಿಕೊಂಡು ಒಣಕೆಮ್ಮಿಗೆ ಹಿತ ಕೊಡುತ್ತದೆ. ಅಲ್ಲಿನ ಔಷಧ ಅಂಗಡಿಗಳಲ್ಲಿ ಚೀಪುವ ಮಾತ್ರೆಯಾಗಿಯೂ ಸಿಗುತ್ತದೆ.

ಕ್ಯಾಪ್ಸೂಲ್ ಆಗಲೇ ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಆ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.