ಸೂಜಿ ನೋಯ್ತು ಅಂದ್ರೆ ನರ ಸರಿ ಇದೆ ಅಂತಲ್ಲ

ಪ್ರಶ್ನೆ: ನಡೆಯುವಾಗ ಹತ್ತಿಯ ಮೇಲೆ ಕಾಲಿಟ್ಟ ಹಾಗಾಗುತ್ತದೆ. ಆದರೆ ಪಾದಕ್ಕೆ ಸೂಜಿ ಚುಚ್ಚಿ ನೋಡಿದರೆ ನೋವಾಗುತ್ತದೆ. ಹಾಗಾದರೆ ನರ ಸರಿ ಇದೆ ಅಲ್ವಾ?

ಉತ್ತರ: ಇಲ್ಲ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಮೊದಲು ಆ ಸೂಜಿ ಕೆಳಗಿಡಿ. ಜೋಮು ಹಿಡಿದ ಪಾದದಲ್ಲಿ ಗಾಯ ಕೆಟ್ಟರೂ ಗೊತ್ತಾಗದೇ ಹೋಗಬಹುದು.

ಸ್ಪರ್ಶ ಬೇರೆ, ನೋವು ಬೇರೆ. ಮೃದುವಾಗಿ ಮುಟ್ಟಿದ್ದನ್ನು ಹಿಡಿಯುವುದು ಮುಖ್ಯವಾಗಿ ಪಿಯೆಜೊ2 ಎಂಬ ಪ್ರೋಟೀನು. ನರದ ತುದಿಯ ಪೊರೆಯಲ್ಲಿ ಕೂತಿರುತ್ತದೆ. ಮೂರು ಬಾಗಿದ ರೆಕ್ಕೆಗಳ ಫ್ಯಾನ್ ಇದ್ದ ಹಾಗೆ. ಒತ್ತಿದಾಗ ಪೊರೆ ಬಿಗಿಯುತ್ತದೆ, ರೆಕ್ಕೆಗಳು ಚಪ್ಪಟೆಯಾಗುತ್ತವೆ, ನಡುವಿನ ರಂಧ್ರ ತೆರೆಯುತ್ತದೆ. ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಒಳನುಗ್ಗುತ್ತವೆ. ಮಿದುಳಿಗೆ ಹೋಗುವ ಸುದ್ದಿ ಶುರುವಾಗುವುದು ಅಲ್ಲಿಂದ. ಕೆಲವೇ ಮಿಲಿಸೆಕೆಂಡಿನಲ್ಲಿ ರಂಧ್ರ ಮತ್ತೆ ಮುಚ್ಚುತ್ತದೆ. ವಿಜ್ಞಾನಿಗಳಾದ ಆರ್ಡೆಮ್ ಪಟಪೂಟಿಯನ್ ಮತ್ತು ಬರ್ಟ್ರಾಂಡ್ ಕೋಸ್ಟ್ 72 ಜೀನುಗಳ ಪಟ್ಟಿ ಹಿಡಿದು, ಒಂದೊಂದನ್ನೇ ನಿಲ್ಲಿಸುತ್ತಾ ಹೋಗಿ ಇದರ ಜೋಡಿ ಪಿಯೆಜೊ1 ಅನ್ನು ಹುಡುಕಿದರು. ಆ ತಾಳ್ಮೆಯ ಫಲ 2010ರಲ್ಲಿ ಪ್ರಕಟವಾಯಿತು. ನನಗೆ ಇವತ್ತಿಗೂ ಅದು ಬೆರಗು.

ಹುಟ್ಟಿನಿಂದಲೇ ಪಿಯೆಜೊ2 ಕೆಲಸ ಮಾಡದ ಜನರಿದ್ದಾರೆ. ಅವರಿಗೆ ಸೂಜಿಯ ಚುಚ್ಚು, ಬಿಸಿ ಎರಡೂ ಗೊತ್ತಾಗುತ್ತವೆ. ಆದರೆ ಚರ್ಮದ ಮೇಲಿನ ಕಂಪನ ತಿಳಿಯುವುದಿಲ್ಲ. ಕಣ್ಣು ಕಟ್ಟಿದರೆ ತಮ್ಮ ಕೈಕಾಲು ಎಲ್ಲಿದೆ ಎಂದೂ ಗೊತ್ತಾಗುವುದಿಲ್ಲ, ನಡೆಯಲು ಒದ್ದಾಡುತ್ತಾರೆ.

ನಿಮಗೆ ಈ ಜೀನಿನ ತೊಂದರೆ ಅಂತ ನಾನು ಹೇಳುತ್ತಿಲ್ಲ. ದೊಡ್ಡವರಾದ ಮೇಲೆ ಹೀಗಾದರೆ ಜಾಸ್ತಿ ಅನುಮಾನ ಸಕ್ಕರೆ ಕಾಯಿಲೆ, ಬಿ12 ಕೊರತೆ ಇಂಥವುಗಳ ಮೇಲೆ. ಸ್ಪರ್ಶ ಒಯ್ಯುವ ದಪ್ಪ ನರತಂತುಗಳು ಹಾಳಾಗಿ, ನೋವು ಒಯ್ಯುವ ತೆಳು ತಂತುಗಳು ಉಳಿದಿರಬಹುದು. ಅದಕ್ಕೇ ವೈದ್ಯರು 128 ಹರ್ಟ್ಸ್‌ನ ಶ್ರುತಿ ಕವೆಯನ್ನೂ (ತಟ್ಟಿದರೆ ಕಂಪಿಸುವ ಲೋಹದ ಕವೆ) ನೈಲಾನ್ ಎಳೆಯನ್ನೂ ಪಾದಕ್ಕೆ ಇಟ್ಟು ನೋಡುತ್ತಾರೆ. ಈ ವಾರವೇ ಹೋಗಿ. ಅಲ್ಲಿಯವರೆಗೆ ಬರಿಗಾಲಲ್ಲಿ ಓಡಾಡಬೇಡಿ, ಸ್ನಾನದ ನೀರಿನ ಬಿಸಿಯನ್ನು ಪಾದದಿಂದ ಪರೀಕ್ಷಿಸಬೇಡಿ. ನಾನು ಸ್ವಲ್ಪ ಜಾಸ್ತಿಯೇ ಹೆದರಿಸುತ್ತೇನೆ ಅನ್ನಿಸಬಹುದು. ಹೆದರಿಯಾದರೂ ಹೋಗಿ.

ಪ್ರಶ್ನೆ: ನರಶಕ್ತಿ ಎಣ್ಣೆ ಹಚ್ಚಿದರೆ ಸ್ಪರ್ಶ ಮರಳುತ್ತದಾ?

ಉತ್ತರ: ಇಲ್ಲ. ಹಾಳಾದ ನರತಂತುವನ್ನು ಯಾವ ಎಣ್ಣೆಯೂ ಬೆಳೆಸುವುದಿಲ್ಲ. ಮಾರುವವರು ಕಸಿಯುವುದು ಹಣವನ್ನಷ್ಟೇ ಅಲ್ಲ, ಚಿಕಿತ್ಸೆ ಶುರುವಾಗಬೇಕಿದ್ದ ತಿಂಗಳುಗಳನ್ನು.

ಪ್ರಶ್ನೆ: ಆಯಸ್ಕಾಂತದ ಬಳೆ?

ಉತ್ತರ: ಅದೂ ಅಷ್ಟೇ.

ಪ್ರಶ್ನೆ: ಮೆಣಸಿನಕಾಯಿ ತಿಂದರೆ ಬಾಯಿ ನಿಜವಾಗಿ ಬಿಸಿಯಾಗುತ್ತದಾ?

ಉತ್ತರ: ಸುಡುವಷ್ಟು ಬಿಸಿಯೇನೂ ಆಗುವುದಿಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ತೆರೆಯುವ ಟಿಆರ್‌ಪಿವಿ1 ಎಂಬ ನರದ ಅಯಾನು ದಾರಿಯನ್ನು ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಅಷ್ಟು ಬಿಸಿಯಿಲ್ಲದೆಯೇ ತೆರೆಯುತ್ತದೆ, ಮಿದುಳು ಅದನ್ನು ಬಿಸಿ ಅಂದುಕೊಳ್ಳುತ್ತದೆ.