ಮೊಬೈಲು, ಎಐ ಎಲ್ಲಾ ಇರೋ ಈ ಕಾಲದಲ್ಲಿ ದಿನಾ ಬರೆಯೋ ಶಿಸ್ತು, ಪ್ರಾಮಾಣಿಕತೆ ಬೆಳೆಸ್ಕೊಳ್ಳೋದು ಹೇಗೆ?

ಮೂಡ್ ಬರ್ಲಿ ಅಂತ ಕಾಯ್ಬೇಡಿ. ನಾನು ಬೆಳಿಗ್ಗೆ ಫೋನ್ ಮುಟ್ಟೋಕೆ ಮುಂಚೆ ಅರ್ಧ ಗಂಟೆ ನೋಟ್‌ಬುಕ್ಕಲ್ಲಿ ಬರೀತೀನಿ, ಒಂದು ಪುಟ ಆದ್ರೂ ಸಾಕು, ಜಾಗ ಮತ್ತು ಹೊತ್ತು ಮಾತ್ರ ಬದಲಾಯಿಸಲ್ಲ.

ಕಷ್ಟ ಇರೋದು ಪ್ರಾಮಾಣಿಕತೇಲಿ. ಒಂದ್ಸಲ ಮಲೆನಾಡಿನ ಕತೇಲಿ "ಹೆಂಗಸರು ಅಡಿಕೆ ಸುಲಿಯುತ್ತಿದ್ದರು" ಅಂತ ಬರೆದು ಮುಂದೆ ಹೋಗಿದ್ದೆ, ಆಮೇಲೆ ಅನ್ನಿಸ್ತು ನಾನು ಅದನ್ನ ಸರಿಯಾಗಿ ನೋಡೇ ಇಲ್ವಲ್ಲ ಅಂತ. ಊರಿಗೆ ಹೋಗಿ ಅತ್ತೆ ಪಕ್ಕ ಒಂದು ಸಂಜೆ ಕೂತೆ. ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೇನ ಕತ್ತಿಗೆ ಒತ್ತಿ ಸಿಪ್ಪೆ ಬಿಡಿಸ್ತಾರೆ, ಮಾತಾಡ್ತಾನೇ ಇರ್ತಾರೆ, ಕಣ್ಣು ಕೈ ಮೇಲೇ ಇರಲ್ಲ, ಬೆರಳೆಲ್ಲ ಕಪ್ಪಾಗಿ ಎಷ್ಟು ತಿಕ್ಕಿದ್ರೂ ಆ ಕರೆ ಬೇಗ ಹೋಗಲ್ಲ. ಆ ಬೆರಳು ನೋಡಿದ್ಮೇಲೆ ಇಡೀ ಪ್ಯಾರಾ ಹೊಡೆದು ಹಾಕಿ ಹೊಸದಾಗಿ ಬರೆದೆ. ಈ ಕೆಲಸ ಎಐ ನಿಮ್ಗೋಸ್ಕರ ಮಾಡಲ್ಲ, ಅದು ಕೊಡೋ ವಾಕ್ಯ ನುಣ್ಣಗಿರತ್ತೆ, ಆದ್ರೆ ಅದು ಯಾರ ಪಕ್ಕಾನೂ ಕೂತಿರಲ್ಲ.

ಪದದ ಬಗ್ಗೆನೂ ಅಷ್ಟೇ, ಡೌಟ್ ಬಂದ್ರೆ ನಿಘಂಟು ತೆಗೀರಿ. ಕಿಟೆಲ್ 1894ರಲ್ಲೇ ದೊಡ್ಡ ನಿಘಂಟು ಕೊಟ್ಟು ಹೋಗಿದಾರೆ, ಸಾಹಿತ್ಯ ಪರಿಷತ್ತಿನದು 8 ಸಂಪುಟ ಇದೆ, ಅದಕ್ಕೆ ದುಡಿದ ಜಿ. ವೆಂಕಟಸುಬ್ಬಯ್ಯನವರು ನೂರು ದಾಟಿದ್ಮೇಲೂ ಪದಗಳ ಹಿಂದೇನೇ ಇದ್ರು, ನನಗಂತೂ ಶಿಸ್ತು ಅಂದ್ರೆ ಅವ್ರೇ ನೆನಪಾಗೋದು.

ಬರೆದಿದ್ದನ್ನ ಅವತ್ತೇ ಪೋಸ್ಟ್ ಮಾಡ್ಬೇಡಿ. ಎರಡು ದಿನ ಬಿಟ್ಟು ಜೋರಾಗಿ ಓದಿ, ನಾಲಿಗೆ ತಡವರಿಸೋ ಕಡೆ ತಿದ್ದಿ. ಬೇರೆಯವ್ರ ಸಾಲು ತಗೊಂಡಿದ್ರೆ ಅವ್ರ ಹೆಸರು ಹಾಕಿ.