ತುಕ್ಕು ಹಿಡಿದು ತೆರೆಯಲಾಗದ ಹಳೆಯ ಮಡಚುವ ಚಾಕುವನ್ನು ಬಿಡಿಸುವುದು ಹೇಗೆ?

ಎಣ್ಣೆ ಬಿಟ್ಟು ಕಾಯಬೇಕು. ಇಕ್ಕಳ ಹಾಕಿ ಎಳೆಯಬಾರದು. ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಸ್ಪ್ರಿಂಗ್ ಅಲಗಿನ ಬುಡವನ್ನು ಸದಾ ಒತ್ತಿ ಹಿಡಿದಿರುತ್ತದೆ. ಆ ಸಂದಿಯಲ್ಲಿ ತುಕ್ಕಿನ ಪುಡಿ, ಒಣಗಿದ ಎಣ್ಣೆ, ಜೇಬಿನ ನೂಲು ಸೇರಿ ಗಟ್ಟಿಯಾಗಿ ಕಚ್ಚಿಕೊಂಡಿರುತ್ತವೆ. ಬಲ ಹಾಕಿದರೆ ಉಗುರು ಸಿಕ್ಕಿಸುವ ಗೀರಿನ ಬಳಿ ಅಲಗು ಮುರಿಯಬಹುದು, ಇಲ್ಲವೇ ಸ್ಪ್ರಿಂಗೇ ತುಂಡಾಗಬಹುದು.

ಕೀಲಿನ ಎರಡೂ ಬದಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಮೂರು ಹನಿ ಬಿಟ್ಟು ಒಂದು ರಾತ್ರಿ ಇಡಿ. ಕೊಬ್ಬರಿ ಎಣ್ಣೆ ಬೇಡ, ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದೇ ಹೆಪ್ಪುಗಟ್ಟುತ್ತದೆ. ಮರುದಿನ ಅಲಗು ಕೂದಲೆಳೆಯಷ್ಟು ಅಲುಗಿದರೂ ಸಾಕು: ಮತ್ತೆ ಎಣ್ಣೆ, ಮತ್ತೆ ಅಲುಗಾಟ. ಕೀಲಿನಿಂದ ಕೆಂಗಪ್ಪು ಕೆಸರು ಬರುವುದು ನಿಲ್ಲುವವರೆಗೆ ಒರೆಸುತ್ತಿರಿ.

ಅಲಗಿನ ತುಕ್ಕಿಗೆ 0000 ನಂಬರಿನ, ಅಂದರೆ ಅತಿ ನಯವಾದ ಸ್ಟೀಲ್ ವುಲ್ (ಉಕ್ಕಿನ ಸಣ್ಣ ಎಳೆಗಳ ಉಂಡೆ), ಜೊತೆಗೆ ಅದೇ ಎಣ್ಣೆ ಸಾಕು. ಸಾಣೆ ಮೆಷಿನ್‌ಗೆ ಹಿಡಿದು ಅಂಚು ನೀಲಿಯಾಯಿತೋ, ಉಕ್ಕಿನ ಹದ, ಅಂದರೆ ಗಡಸುತನ, ಹೋಯಿತೆಂದೇ ಲೆಕ್ಕ. 300 ಡಿಗ್ರಿಯ ಆಸುಪಾಸು ಆ ಬಣ್ಣ ಬರುತ್ತದೆ. ಬೂದುಗಪ್ಪು ಕಲೆಯನ್ನು ಮಾತ್ರ ಉಜ್ಜಬೇಡಿ, ಅದು ಹೊಸ ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ.